ಓದುಗರ ಪ್ರಶ್ನೆ: ಜನಾರೋಗ್ಯದ ಲೆಕ್ಕದಲ್ಲಿ ಛೇದ ಎಲ್ಲಿದೆ?

ಪ್ರಶ್ನೆ: ಹಿಂದಿನ ಕಾಲದಲ್ಲಿ ಜನರ ಸರಾಸರಿ ಆಯುಷ್ಯ 35–40 ವರ್ಷವಿತ್ತೆಂದು ಓದುತ್ತೇವೆ. ಹಾಗಾದರೆ ಆಗ 40ಕ್ಕೇ ಜನ ಮುದುಕರಾಗುತ್ತಿದ್ದರೇ? — ನಿವೃತ್ತ ಅಧ್ಯಾಪಕರೊಬ್ಬರು

ಉತ್ತರ: ಇಲ್ಲ. ಹುಟ್ಟಿದ 10 ಮಕ್ಕಳಲ್ಲಿ 4 ಮಕ್ಕಳು 2 ವರ್ಷ ತುಂಬುವ ಹೊತ್ತಿಗೆ ತೀರಿಕೊಂಡು, ಉಳಿದ 6 ಮಂದಿ ತಲಾ 60 ವರ್ಷ ಬದುಕಿದರೆಂದು ಭಾವಿಸಿ ಲೆಕ್ಕ ಹಾಕಿ ನೋಡಿ. ಸರಾಸರಿ 37ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆದರೆ ಆ ಹತ್ತು ಮಂದಿಯಲ್ಲಿ 37ನೆಯ ವಯಸ್ಸಿನಲ್ಲಿ ಸತ್ತವರು ಒಬ್ಬರೂ ಇಲ್ಲ. ಲಂಡನ್ನಿನ ಜವಳಿ ವ್ಯಾಪಾರಿ ಜಾನ್ ಗ್ರಾಂಟ್ 1662ರಲ್ಲಿ ನಗರದ ಮರಣಪಟ್ಟಿಗಳನ್ನು ಕೂಡಿ ಕಳೆದು ಮಾಡಿದ ಅಂದಾಜಿನ ಪ್ರಕಾರ, ಹುಟ್ಟಿದ 100 ಮಂದಿಯಲ್ಲಿ 36 ಮಂದಿ 6 ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಎಳೆಯ ವಯಸ್ಸಿನ ಸಾವುಗಳೇ ಸರಾಸರಿಯನ್ನು ಕೆಳಗೆಳೆಯುತ್ತಿದ್ದವು. ಜಗತ್ತಿನಲ್ಲಿ 5 ವರ್ಷದೊಳಗಿನ ಮಕ್ಕಳ ಮರಣ ಪ್ರಮಾಣ 1990ರಲ್ಲಿ 1,000 ಜನನಗಳಿಗೆ 93ರಷ್ಟಿದ್ದದ್ದು 2022ರ ಹೊತ್ತಿಗೆ 37ಕ್ಕೆ ಇಳಿದಿದೆ. ಆಯುಷ್ಯದ ಅಂಕಿ ಮೇಲೇರಿರುವುದಕ್ಕೆ ಈ ಇಳಿಕೆಯೂ ಒಂದು ದೊಡ್ಡ ಕಾರಣ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದರ ಜೊತೆಗೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ನಿರೀಕ್ಷಿತ ಆಯುಷ್ಯ 2019ರಲ್ಲಿ 73.1 ವರ್ಷವಿದ್ದದ್ದು ಕೋವಿಡ್ ಸಾವುಗಳಿಂದಾಗಿ 2021ರಲ್ಲಿ 71.4ಕ್ಕೆ ಇಳಿಯಿತು. ಇದರರ್ಥ 2021ರಲ್ಲಿ ಹುಟ್ಟಿದ ಕೂಸಿನ ಆಯುಸ್ಸಿನಲ್ಲಿ ಒಂದೂಮುಕ್ಕಾಲು ವರ್ಷ ಕಡಿತವಾಯಿತೆಂದಲ್ಲ. ಆ ಒಂದು ವರ್ಷದಲ್ಲಿ ಬೇರೆ ಬೇರೆ ವಯಸ್ಸಿನವರು ಯಾವ ಪ್ರಮಾಣದಲ್ಲಿ ಸತ್ತರೋ ಅದೇ ಪ್ರಮಾಣ ಆ ಕೂಸಿನ ಬದುಕಿನುದ್ದಕ್ಕೂ ಮುಂದುವರಿದರೆ ಅದು ಎಷ್ಟು ವರ್ಷ ಬದುಕೀತು ಎಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ. ಅದು ಆ ವರ್ಷದ ಸಾವುಗಳ ಅಳತೆಯೇ ಹೊರತು ಭವಿಷ್ಯವಾಣಿಯಲ್ಲ.

ಪ್ರಶ್ನೆ: ಒಂದು ಊರಿನ ಮರಣ ಪ್ರಮಾಣ ಇನ್ನೊಂದು ಊರಿನದಕ್ಕಿಂತ ಹೆಚ್ಚಿದ್ದರೆ ಅಲ್ಲಿನ ಜನರ ಆರೋಗ್ಯ ಕೆಟ್ಟಿದೆ ಎನ್ನಬಹುದೇ? — ನರ್ಸಿಂಗ್ ವಿದ್ಯಾರ್ಥಿನಿ

ಉತ್ತರ: ಅವಸರಪಟ್ಟು ಹಾಗೆ ಹೇಳುವಂತಿಲ್ಲ. ತಲಾ 10,000 ಜನರಿರುವ ಎರಡು ಊರುಗಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯದರಲ್ಲಿ 2,000 ವೃದ್ಧರು, ಎರಡನೆಯದರಲ್ಲಿ 500. ಮೊದಲ ಊರಿನಲ್ಲಿ ವರ್ಷಕ್ಕೆ ಪ್ರತಿ 1,000 ವೃದ್ಧರಲ್ಲಿ 50 ಮಂದಿ, ಉಳಿದ ವಯಸ್ಸಿನ 1,000 ಜನರಲ್ಲಿ 2 ಮಂದಿ ಸಾಯುತ್ತಾರೆ. ಎರಡನೆಯ ಊರಿನಲ್ಲಿ ಈ ಸಂಖ್ಯೆಗಳು 60 ಮತ್ತು 4. ಒಟ್ಟು ಸಾವುಗಳನ್ನು ಎಣಿಸಿದರೆ ಮೊದಲ ಊರಿನಲ್ಲಿ 116, ಎರಡನೆಯದರಲ್ಲಿ 68. ಎರಡೂ ವಯೋಗುಂಪುಗಳಲ್ಲಿ ಹೆಚ್ಚು ಸುರಕ್ಷಿತವಾಗಿರುವ ಊರೇ ಒಟ್ಟು ಲೆಕ್ಕದಲ್ಲಿ ಸೋತು ಕೂರುತ್ತದೆ, ಏಕೆಂದರೆ ಅಲ್ಲಿ ಮುದುಕರು ಹೆಚ್ಚು. ಇದನ್ನು ಸರಿಪಡಿಸಲು ಎರಡೂ ಊರುಗಳಲ್ಲಿ 1,000 ವೃದ್ಧರು ಮತ್ತು 9,000 ಇತರರು ಇದ್ದಾರೆಂದು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕುತ್ತಾರೆ. ಆಗ ಮೊದಲ ಊರಿಗೆ 68, ಎರಡನೆಯದಕ್ಕೆ 96 ಬರುತ್ತದೆ, ಚಿತ್ರ ತಲೆಕೆಳಗಾಗುತ್ತದೆ. ವರದಿಗಳಲ್ಲಿ ‘ವಯೋಮಾನಕ್ಕೆ ಹೊಂದಿಸಿದ ಪ್ರಮಾಣ’ ಎಂದು ಬರೆದಿರುವುದು ಇದನ್ನೇ.

ಇಲ್ಲಿ ಎಡವಿದವರಲ್ಲಿ ದೊಡ್ಡವರೂ ಇದ್ದಾರೆ. ದುಡಿಯುವ ಜನರ ನೈರ್ಮಲ್ಯದ ಸ್ಥಿತಿಯ ಕುರಿತ 1842ರ ತಮ್ಮ ಹೆಸರಾಂತ ವರದಿಯಲ್ಲಿ ಬ್ರಿಟನ್ನಿನ ಸಮಾಜ ಸುಧಾರಕ ಎಡ್ವಿನ್ ಚಾಡ್ವಿಕ್ ಅವರು ಲಿವರ್‌ಪೂಲಿನಲ್ಲಿ ಮೇಲ್ವರ್ಗದವರು ಸಾಯುವ ಸರಾಸರಿ ವಯಸ್ಸು 35, ಕೂಲಿಕಾರರದು 15 ಎಂದು ತೋರಿಸಿದರು. ಓದಿದವರು ಬೆಚ್ಚಿಬಿದ್ದರು. ಆದರೆ ಸತ್ತವರ ಸರಾಸರಿ ವಯಸ್ಸು ಬದುಕಿರುವವರ ವಯಸ್ಸನ್ನೂ ಅವಲಂಬಿಸಿರುತ್ತದೆ. ಎಳೆಯ ಮಕ್ಕಳೇ ತುಂಬಿರುವ ಕೇರಿಯಲ್ಲಿ ಸತ್ತವರ ಸರಾಸರಿ ವಯಸ್ಸು ಸಹಜವಾಗಿಯೇ ಕಡಿಮೆ ಬರುತ್ತದೆ. 1844ರಲ್ಲಿ ನೀಸನ್ ಎಂಬ ವಿಮಾ ಗಣಿತಜ್ಞರು ಈ ದೋಷವನ್ನು ಎತ್ತಿ ತೋರಿಸಿದರು. ಬಡವರ ಕೇರಿಗಳಲ್ಲಿ ಸಾವು ಹೆಚ್ಚಿದ್ದದ್ದು ಸುಳ್ಳೇನಲ್ಲ, ಅಳತೆಗೋಲು ಮಾತ್ರ ಸೊಟ್ಟಗಿತ್ತು. ಸತ್ಯದ ಪರವಾಗಿ ಸೊಟ್ಟ ಅಳತೆಗೋಲನ್ನು ಹಿಡಿದವರು ಎದುರಾಳಿಗಳ ಕೈಗೆ ತಾವೇ ಆಯುಧ ಕೊಟ್ಟಂತಾಗುತ್ತದೆ.

ಪ್ರಶ್ನೆ: ಬಡವರ ಮತ್ತು ಅನುಕೂಲಸ್ಥರ ನಡುವಿನ ಆರೋಗ್ಯದ ಅಂತರ ಕಡಿಮೆಯಾಗಿದೆ ಎಂದು ಒಂದು ವರದಿ, ಹೆಚ್ಚಾಗಿದೆ ಎಂದು ಮತ್ತೊಂದು ವರದಿ ಹೇಳುತ್ತದೆ. ಇಬ್ಬರ ಬಳಿಯೂ ಇರುವುದು ಅದೇ ದತ್ತಾಂಶ. ಯಾರು ಸುಳ್ಳು ಹೇಳುತ್ತಿದ್ದಾರೆ? — ಪತ್ರಿಕೋದ್ಯಮದ ವಿದ್ಯಾರ್ಥಿ

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಬಡ ಕುಟುಂಬಗಳಲ್ಲಿ ಶಿಶು ಮರಣ 1,000ಕ್ಕೆ 60, ಅನುಕೂಲಸ್ಥರಲ್ಲಿ 30 ಇತ್ತೆನ್ನೋಣ. ಕೆಲವು ವರ್ಷಗಳ ನಂತರ ಅವು 30 ಮತ್ತು 10ಕ್ಕೆ ಇಳಿದವು. ಕಳೆದು ನೋಡಿದರೆ ಅಂತರ 30ರಿಂದ 20ಕ್ಕೆ ಇಳಿದಿದೆ. ಭಾಗಿಸಿ ನೋಡಿದರೆ ಮೊದಲು 2 ಪಟ್ಟು ಇದ್ದದ್ದು ಈಗ 3 ಪಟ್ಟಾಗಿದೆ. ಸಾಧನೆಯನ್ನು ಹೇಳಿಕೊಳ್ಳಬೇಕಾದವರು ಕಳೆಯುತ್ತಾರೆ, ಟೀಕಿಸಬೇಕಾದವರು ಭಾಗಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಎರಡನ್ನೂ ಕೊಡದೆ ಒಂದನ್ನಷ್ಟೇ ಕೊಡುವ ವರದಿ ಅಪೂರ್ಣ. ಎರಡೂ ಗುಂಪುಗಳ ಮೂಲ ಪ್ರಮಾಣವನ್ನೇ ಮುಚ್ಚಿಡುವ ವರದಿಯನ್ನಂತೂ ನಂಬಲೇಬೇಕಾಗಿಲ್ಲ.

ಪಟ್ಟುಗಳಲ್ಲಿ ಮಾತ್ರ ಮಾತನಾಡಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅನುಭವವೊಂದಿದೆ. ಕೆಲವು ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ‘ದುಪ್ಪಟ್ಟು’ ಎಂಬ ಅಧಿಕೃತ ಎಚ್ಚರಿಕೆ 1995ರ ಅಕ್ಟೋಬರಿನಲ್ಲಿ ಹೊರಬಿತ್ತು. ಆ ದುಪ್ಪಟ್ಟಿನ ಹಿಂದಿದ್ದ ಸಂಖ್ಯೆ 7,000 ಮಹಿಳೆಯರಲ್ಲಿ 1 ಇದ್ದದ್ದು 2 ಆಗುತ್ತದೆ ಎಂಬುದಷ್ಟೇ. ಗಾಬರಿಯಿಂದ ಅನೇಕರು ಮಾತ್ರೆಯನ್ನೇ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚುವರಿಯಾಗಿ ನಡೆದವೆಂಬ ಅಂದಾಜಿದೆ. ವಿಪರ್ಯಾಸವೆಂದರೆ, ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಗರ್ಭಧಾರಣೆಯಲ್ಲೇ ಹೆಚ್ಚು.

ಇನ್ನು, ಅಂತರವೆಂದರೆ ಕಡುಬಡವರು ಒಂದು ಕಡೆ, ಉಳಿದವರೆಲ್ಲ ಮತ್ತೊಂದು ಕಡೆ ಎಂಬ ಚಿತ್ರವೂ ಸರಿಯಲ್ಲ. 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನ ಲಂಡನ್ನಿನ ಸುಮಾರು 18,000 ಪುರುಷ ಸರ್ಕಾರಿ ನೌಕರರನ್ನು ಹಿಂಬಾಲಿಸಿತು. ಅವರಾರೂ ನಿರ್ಗತಿಕರಲ್ಲ, ಎಲ್ಲರಿಗೂ ಒಂದೇ ಉಚಿತ ಆರೋಗ್ಯ ಸೇವೆಯಿತ್ತು. ಆದರೂ ಕೆಳದರ್ಜೆಯ ನೌಕರರ ಮರಣ ಪ್ರಮಾಣ ಉನ್ನತ ಅಧಿಕಾರಿಗಳದರ ಸುಮಾರು ಮೂರು ಪಟ್ಟಿತ್ತು. ನಡುವಿನ ದರ್ಜೆಯವರು ನಡುವೆಯೇ ಇದ್ದರು. ಧೂಮಪಾನ, ರಕ್ತದೊತ್ತಡಗಳು ಈ ವ್ಯತ್ಯಾಸದ ಒಂದು ಭಾಗವನ್ನಷ್ಟೇ ವಿವರಿಸಿದವು. ಅಸಮಾನತೆ ಕಂದಕಕ್ಕಿಂತ ಮೆಟ್ಟಿಲುಗಳನ್ನು ಹೆಚ್ಚು ಹೋಲುತ್ತದೆ.

ಪ್ರಶ್ನೆ: ಕ್ಯಾನ್ಸರ್ ಅತಿ ಕಡಿಮೆ ಇರುವ ಸ್ಥಳಗಳ ಪಟ್ಟಿಯಲ್ಲಿ ಸಣ್ಣ ಊರುಗಳೇ ಏಕೆ ಮೇಲಿರುತ್ತವೆ? ಶುದ್ಧ ಗಾಳಿಯ ಫಲವೇ? — ಗೃಹಿಣಿಯೊಬ್ಬರು

ಉತ್ತರ: ಅತಿ ಹೆಚ್ಚು ಇರುವ ಸ್ಥಳಗಳ ಪಟ್ಟಿಯನ್ನೂ ನೋಡಿ, ಅಲ್ಲೂ ಸಣ್ಣ ಊರುಗಳೇ ಸಿಗುತ್ತವೆ. ಅಮೆರಿಕದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳಲ್ಲಿ) ಮೂತ್ರಪಿಂಡದ ಕ್ಯಾನ್ಸರ್ ಅತಿ ಕಡಿಮೆ ಕಂಡುಬಂದದ್ದು ವಿರಳ ಜನಸಂಖ್ಯೆಯ ಗ್ರಾಮೀಣ ಕೌಂಟಿಗಳಲ್ಲಿ. ಅತಿ ಹೆಚ್ಚು ಕಂಡದ್ದೂ ಅಂಥವುಗಳಲ್ಲೇ. ಛೇದ, ಅಂದರೆ ಪ್ರಕರಣಗಳನ್ನು ಭಾಗಿಸುವ ಒಟ್ಟು ಜನಸಂಖ್ಯೆ, ಚಿಕ್ಕದಿದ್ದಾಗ ಒಂದೇ ಪ್ರಕರಣದಿಂದ ಊರು ಮೊದಲ ಸ್ಥಾನದಿಂದ ಕೊನೆಯ ಸ್ಥಾನಕ್ಕೆ ಜಾರಬಹುದು. ಗಾಳಿಯನ್ನು ಹೊಗಳುವ ಮೊದಲು ಹಲವು ವರ್ಷಗಳ ಅಂಕಿಗಳನ್ನು ಕೂಡಿಸಿ ನೋಡಬೇಕು.

ಪ್ರಶ್ನೆ: ಸಭೆಯಲ್ಲಿ ಕೋಷ್ಟಕ ತೋರಿಸಿದರೆ ಜನ ಆಕಳಿಸುತ್ತಾರೆ, ಒಬ್ಬರ ಕಥೆ ಹೇಳಿದರೆ ಅಂಕಿ ಎಲ್ಲಿ ಎಂದು ಮೇಲಿನವರು ಕೇಳುತ್ತಾರೆ. ಹೇಗೆ ಹೇಳಲಿ? — ಆರೋಗ್ಯ ಕಾರ್ಯಕರ್ತೆ

ಉತ್ತರ: ಮೊದಲಿಗೆ, ಛೇದವನ್ನು ಬದಲಿಸಬೇಡಿ. ‘25ರಲ್ಲಿ ಒಬ್ಬರಿಗೆ’, ‘200ರಲ್ಲಿ ಒಬ್ಬರಿಗೆ’ ಎಂದು ಒಟ್ಟಿಗೆ ಹೇಳಿದರೆ ಎಷ್ಟೋ ಮಂದಿ 200 ಎಂಬ ದೊಡ್ಡ ಸಂಖ್ಯೆಯನ್ನು ಕಂಡು ಅದನ್ನೇ ದೊಡ್ಡ ಅಪಾಯವೆಂದು ತಿಳಿಯುತ್ತಾರೆ. ‘200ರಲ್ಲಿ 8, 200ರಲ್ಲಿ 1’ ಎಂದರೆ ಗೊಂದಲವಿಲ್ಲ. ಚಿತ್ರ ಬಿಡಿಸಬಲ್ಲಿರಾದರೆ ಇನ್ನೂ ಒಳ್ಳೆಯದು. ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಕ್ರಿಮಿಯಾ ಯುದ್ಧದ ಸಾವುಗಳನ್ನು ತಿಂಗಳಿಗೊಂದು ಹೋಳಿನಂತೆ ಬಣ್ಣದ ವೃತ್ತದಲ್ಲಿ ತೋರಿಸಿದರು; ತಡೆಯಬಹುದಾಗಿದ್ದ ರೋಗಗಳ ನೀಲಿ ಭಾಗ ಗಾಯಗಳ ಕೆಂಪು ಭಾಗವನ್ನು ನುಂಗಿಹಾಕಿದ್ದನ್ನು ಕಾಣಲು ಗಣಿತ ಬೇಕಿರಲಿಲ್ಲ.

ಎರಡನೆಯದು, ಒಂದು ಸಮುದಾಯದ ಹೆಸರೆತ್ತಿ ಅಲ್ಲಿ ರೋಗ ಹೆಚ್ಚು ಎಂದಷ್ಟೇ ಹೇಳಿ ನಿಲ್ಲಿಸಿದರೆ ಕೇಳುಗರು ಕಾರಣವನ್ನು ತಾವೇ ತುಂಬಿಕೊಳ್ಳುತ್ತಾರೆ, ಮತ್ತು ಬಹಳಷ್ಟು ಸಲ ಆ ಜನರನ್ನೇ ದೂರುತ್ತಾರೆ. ಒಂದು ಕಾಲ್ಪನಿಕ ವಾಕ್ಯವನ್ನು ತಿದ್ದಿ ತೋರಿಸುತ್ತೇನೆ. ‘ಈ ಬಡಾವಣೆಯಲ್ಲಿ ಲಸಿಕೆ ಹಾಕಿಸದ ಮಕ್ಕಳ ಪ್ರಮಾಣ ದುಪ್ಪಟ್ಟು’ ಎನ್ನುವ ಬದಲು, ‘ಈ ಬಡಾವಣೆಯ 100 ಮಕ್ಕಳಲ್ಲಿ 20 ಮಕ್ಕಳಿಗೆ ಲಸಿಕೆ ತಲುಪಿಲ್ಲ, ಉಳಿದೆಡೆ 100ರಲ್ಲಿ 10 ಮಕ್ಕಳಿಗೆ ತಲುಪಿಲ್ಲ, ಇಲ್ಲಿನ ಲಸಿಕಾ ಕೇಂದ್ರ ವಾರದಲ್ಲಿ ಒಂದೇ ದಿನ, ಅದೂ ತಾಯಂದಿರು ದುಡಿಮೆಗೆ ಹೋಗಿರುವ ಹೊತ್ತಿನಲ್ಲಿ ತೆರೆದಿರುತ್ತದೆ’ ಎಂದು ಹೇಳಿ ನೋಡಿ. ಮೊದಲ ವಾಕ್ಯವನ್ನು ಕೇಳಿದವರು ತಾಯಂದಿರ ಅಜ್ಞಾನದ ಬಗ್ಗೆ ಮಾತು ತೆಗೆಯುತ್ತಾರೆ. ಎರಡನೆಯದನ್ನು ಕೇಳಿದವರು ಕೇಂದ್ರದ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ವಿಚಾರಿಸುತ್ತಾರೆ.