ಕಾರ್ನರ್‌ನಲ್ಲಿ ಹುಡುಗ, ಹಿಂದೆ ಹಳೇ ಹುಲಿ

ಇಂಡಿಯಾನಾದಲ್ಲಿರುವ ಮಗನ ಮನೆಗೆ ಹೋಗಿಬಂದ ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಮಗನ ಜೊತೆ ಕೂತು ನೋಟರ್ ಡೇಮ್ ಕಾಲೇಜಿನ ಫುಟ್‌ಬಾಲ್ ನೋಡಿದೆ. ‘ನಮ್ಮ ಸೆಕೆಂಡರಿಗೆ ಹೊಸ ಹುಡುಗರು ಬಂದಿದ್ದಾರೆ, ಇನ್ನು ಚಿಂತೆಯಿಲ್ಲ’ ಅಂತಾನೆ. ಹದಿನೆಂಟರ ಹುಡುಗರನ್ನು ಕೊನೇ ಸಾಲಿನಲ್ಲಿ ನಿಲ್ಲಿಸಿದರೆ ತಂಡ ಹೇಗೆ ಸುಧಾರಿಸುತ್ತೆ? ನಾನು ಕಬಡ್ಡಿ ಆಡಿದವನು. ನಾವು ಕಾರ್ನರ್‌ಗೆ ಪಳಗಿದವನನ್ನೇ ನಿಲ್ಲಿಸ್ತಿದ್ವಿ. ಇನ್ನೊಂದು, ಇವರದೇ ಹುಡುಗ ತಪ್ಪು ಮಾಡಿ ರೆಫರಿ ಹಳದಿ ಬಟ್ಟೆ ಎಸೆದರೆ ಮಗ ಒಮ್ಮೊಮ್ಮೆ ‘ಸದ್ಯ, ಬಚಾವ್’ ಅಂತಾನೆ. ಇದೆಂಥ ಬಚಾವು?”

ನಿಮ್ಮ ಕಬಡ್ಡಿ ಲೆಕ್ಕ ಇಲ್ಲಿ ಅರ್ಧ ಮಾತ್ರ ಸರಿ. ಪಳಗಿದವನು ಬೇಕೇ ಬೇಕು, ಆದರೆ ಅವನ ಜಾಗ ಕಾರ್ನರ್ ಅಲ್ಲ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎದುರಾಳಿ ಕೈಯಿಂದ ಎಸೆಯುವ ಪಾಸ್ ತಡೆಯುವ ಹಿಂದಿನ ಸಾಲೇ ಸೆಕೆಂಡರಿ. ಎರಡು ಅಂಚಿಗೆ ಇಬ್ಬರು ಕಾರ್ನರ್‌ಬ್ಯಾಕ್, ನಡುವೆ ಆಳದಲ್ಲಿ ಇಬ್ಬರು ಸೇಫ್ಟಿ. ಈಗೀಗ ಎಲ್ಲರೂ ಪಾಸ್ ಜಾಸ್ತಿ ಆಡುವುದರಿಂದ ನಿಕಲ್ ಅಂತ ಐದನೆಯವನನ್ನೂ ಇಳಿಸುತ್ತಾರೆ.

ಕಾರ್ನರ್‌ನ ಕೆಲಸ ಹೇಳೋಕೆ ಸುಲಭ: ಪಾಸ್ ಹಿಡಿಯಲು ಓಡುವ ಎದುರಾಳಿ ರಿಸೀವರ್‌ನನ್ನು ಬಿಡಬೇಡ. ಮಾಡೋದು ಕಷ್ಟ. ಅವನು ಮುಂದಕ್ಕೆ ನುಗ್ಗುತ್ತಾನೆ, ಇವನು ಅವನಿಗೆ ಮುಖ ಕೊಟ್ಟುಕೊಂಡೇ ಹಿಂದಕ್ಕೆ ಓಡಬೇಕು. ತಲೆ, ಭುಜ ನೋಡುತ್ತಾ ಹೋದರೆ ಮೋಸ ಹೋಗುತ್ತಾನೆ. ಕಣ್ಣು ರಿಸೀವರ್‌ನ ಸೊಂಟದ ಮೇಲಿರಬೇಕು. ಅವನ ಸೊಂಟ ತಿರುಗಿದ ಕೂಡಲೇ ಇವನದೂ ತಿರುಗಬೇಕು. ಅರ್ಧ ಹೆಜ್ಜೆ ತಡವಾದರೆ ಟಚ್‌ಡೌನ್, ಅಂದರೆ ಚೆಂಡು ಕೊನೇ ಗೆರೆ ದಾಟಿ ಆರು ಅಂಕ ಹೋಯಿತು. ಇದಕ್ಕೆ ವೇಗ ಬೇಕು, ಸಲೀಸಾಗಿ ತಿರುಗುವ ಮೈ ಬೇಕು, ಸ್ವಲ್ಪ ಭಂಡ ಧೈರ್ಯವೂ ಬೇಕು. ಒಳ್ಳೆಯ ಹುಡುಗನಲ್ಲಿ ಇವೆಲ್ಲ ಹದಿನೆಂಟಕ್ಕೇ ಇರುತ್ತವೆ. ಸೇಫ್ಟಿಯ ಕಥೆ ಬೇರೆ. ಅವನು ಒಬ್ಬನನ್ನಲ್ಲ, ಇಡೀ ಮೈದಾನವನ್ನು ಓದಬೇಕು. ಚೆಂಡು ಕದಲುವ ಮುಂಚೆ ಕೂಗಿ, ಕೈಸನ್ನೆ ಮಾಡಿ ಉಳಿದವರ ಜಾಗ ಬದಲಿಸಬೇಕು. ಅದು ವರ್ಷಗಟ್ಟಲೆ ಏಟು ತಿಂದೇ ಬರಬೇಕು.

ನಿಮ್ಮ ಮಗ ನೆಚ್ಚಿಕೊಂಡ ತಂಡದ್ದೇ ಉದಾಹರಣೆ ನೋಡಿ. 2022ರಲ್ಲಿ ಬೆಂಜಮಿನ್ ಮಾರಿಸನ್ ಅಲ್ಲಿ ಮೊದಲ ವರ್ಷದ ಕಾರ್ನರ್ ಹುಡುಗ. ಆ ನವೆಂಬರ್ 5ರಂದು ಅದುವರೆಗೆ ಸೋಲೇ ಕಾಣದಿದ್ದ ಕ್ಲೆಮ್‌ಸನ್ ತಂಡ ನೋಟರ್ ಡೇಮ್‌ನ ಊರಾದ ಸೌತ್ ಬೆಂಡ್‌ಗೆ ಬಂತು. ಅವರು ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಬದಲಿಸಿದರು. ಹೊಸಬನ ಮೊದಲ ಪಾಸನ್ನೇ ಮಾರಿಸನ್ ಹಿಡಿದ. ಹಳಬನನ್ನು ವಾಪಸ್ ಕರೆದರು. ಅವನ ಪಾಸನ್ನೂ ಹಿಡಿದು 96 ಗಜ ಓಡಿ ಟಚ್‌ಡೌನ್ ಮಾಡಿದ. ನೋಟರ್ ಡೇಮ್ 35–14ಕ್ಕೆ ಗೆದ್ದಿತು. ಎರಡು ವಾರ ಬಿಟ್ಟು ಹಿಮ ಬೀಳುತ್ತಿದ್ದಾಗ ಬಾಸ್ಟನ್ ಕಾಲೇಜಿನ ಮೇಲೆ ಮತ್ತೆ ಮೂರು ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಮೂರು ಪಾಸ್ ಕಸಿದ.

ಹೆಸರು ಮಾಡಿದ್ದು ಹುಡುಗ, ನಿಜ. ಆದರೆ ನನ್ನ ಕಣ್ಣು ಜೇವಿಯರ್ ವಾಟ್ಸ್ ಮೇಲೆ. ಕಾಲೇಜಿಗೆ ಬಂದಾಗ ಈತ ರಿಸೀವರ್, ಆಮೇಲೆ ಸೇಫ್ಟಿ ಆದ. 2023ರಲ್ಲಿ ಏಳು ಪಾಸ್ ಕಸಿದು, ದೇಶದ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ನಗುರ್ಸ್‌ಕಿ ಪ್ರಶಸ್ತಿ ಪಡೆದ. ರಿಸೀವರ್ ಆಗಿದ್ದವನಿಗೆ ರಿಸೀವರ್ ಎತ್ತ ಹೋಗ್ತಾನೆ ಅಂತ ಹೇಳಿಕೊಡಬೇಕಾ?

2024ರ ಅಕ್ಟೋಬರ್‌ನಲ್ಲಿ ಮಾರಿಸನ್‌ಗೆ ಸೊಂಟಕ್ಕೆ ಪೆಟ್ಟಾಗಿ ಋತುವೇ ಮುಗಿಯಿತು. ಆ ಜಾಗಕ್ಕೆ ಬಂದವನು ಲೆನರ್ಡ್ ಮೂರ್, ಮತ್ತೊಬ್ಬ ಮೊದಲ ವರ್ಷದವನು. ಇನ್ನೊಂದು ಅಂಚಿನಲ್ಲಿ ಎರಡನೇ ವರ್ಷದ ಕ್ರಿಶ್ಚಿಯನ್ ಗ್ರೇ. ಎರಡೂ ಕಡೆ ಹುಡುಗರು, ನಡುವೆ ಐದನೇ ವರ್ಷದ ವಾಟ್ಸ್. ನವೆಂಬರ್ 30ರಂದು ಲಾಸ್ ಏಂಜಲೀಸ್‌ನಲ್ಲಿ ಯುಎಸ್‌ಸಿ ವಿರುದ್ಧ ಕೊನೆಯ ಕ್ವಾರ್ಟರ್‌ನಲ್ಲಿ ಗ್ರೇ ಪಾಸ್ ಹಿಡಿದು 99 ಗಜ ಓಡಿದರೆ, ಆಮೇಲೆ ವಾಟ್ಸ್ 100 ಗಜ ಓಡಿದ. ಜನವರಿಯ ಸೆಮಿಫೈನಲ್‌ನಲ್ಲಿ ಪೆನ್ ಸ್ಟೇಟ್ ಜೊತೆ 24–24 ಸಮ ಇದ್ದಾಗ, 33 ಸೆಕೆಂಡ್ ಉಳಿದಿರುವಂತೆ ಗ್ರೇ ಹಾರಿಬಿದ್ದು ಪಾಸ್ ಹಿಡಿದ. ಫೈನಲ್ ಟಿಕೆಟ್ ಸಿಕ್ಕಿದ್ದು ಅಲ್ಲೇ.

ಹಾಗಂತ ಹುಡುಗರ ಆಟಕ್ಕೆ ಬೆಲೆ ತೆರೋದೇ ಇಲ್ಲ ಅಂತಲ್ಲ. 2025ರ ಜನವರಿ 20ರ ಫೈನಲ್‌ನಲ್ಲಿ ಓಹಾಯೋ ಸ್ಟೇಟ್ 31–23 ಮುಂದಿತ್ತು. ಮೂರನೇ ಡೌನ್, ಅಂದರೆ ನಾಲ್ಕರಲ್ಲಿ ಮೂರನೇ ಯತ್ನ; ಚೆಂಡು ಉಳಿಸಿಕೊಳ್ಳಲು ಅವರಿಗೆ 11 ಗಜ ಬೇಕು. ತಡೆದರೆ ಚೆಂಡು ವಾಪಸ್ ಸಿಗುವ ಹೊತ್ತು. ಅಂಚಿನಲ್ಲಿ ಅದೇ ಗ್ರೇ, ಒಬ್ಬನೇ. ಎದುರಿಗಿದ್ದ ಜೆರಮಾಯ ಸ್ಮಿತ್ ತಪ್ಪಿಸಿಕೊಂಡು ಓಡಿ 56 ಗಜದ ಪಾಸ್ ಹಿಡಿದ. ಅಲ್ಲಿಂದ ಕಾಲಲ್ಲಿ ಒದ್ದ ಫೀಲ್ಡ್ ಗೋಲ್‌ಗೆ ಮೂರು ಅಂಕ. 34–23, ಮುಗೀತು. ಸ್ಮಿತ್ ಕೂಡ ಮೊದಲ ವರ್ಷದವನೇ ಅನ್ನೋದು ತಮಾಷೆ. ಎರಡೂ ಕಡೆ ಹುಡುಗರೇ!

ಲೂಸಿಯಾನಾದ ಕಾಲೇಜು ತಂಡ ಎಲ್‌ಎಸ್‌ಯು 2019ರ ಋತುವಿನಲ್ಲಿ ಒಂದೂ ಸೋಲದೆ ಪ್ರಶಸ್ತಿ ಗೆದ್ದಾಗಲೂ ಹೀಗೇ. ಮೊದಲ ವರ್ಷದ ಕಾರ್ನರ್ ಡೆರೆಕ್ ಸ್ಟಿಂಗ್ಲಿ ಎದುರಾಳಿಗಳ ಆರು ಪಾಸ್ ಹಿಡಿದ. ಹಿಂದೆ ಮೂರನೇ ವರ್ಷದ ಸೇಫ್ಟಿ ಗ್ರಾಂಟ್ ಡೆಲ್ಪಿಟ್ ಇದ್ದ. ಅಲಬಾಮಾದ ಕೇಲೆಬ್ ಡೌನ್ಸ್ ಮಾತ್ರ 2023ರಲ್ಲಿ ಮೊದಲ ವರ್ಷವೇ ಸೇಫ್ಟಿಯಾಗಿ ನಿಂತು 107 ಟ್ಯಾಕಲ್ ಮಾಡಿದ. ಅಂಥವರು ಅಪರೂಪ. ಅವನನ್ನು ನೋಡಿ ಲೆಕ್ಕ ಹಾಕಬಾರದು.

ಹುಡುಗರು ಬಂದರೆ ಮೈದಾನದಲ್ಲಿ ಕಾಣದ ಲಾಭವೂ ಉಂಟು. ಬೆಂಚಿನಲ್ಲಿ ಒಬ್ಬ ಚುರುಕಾದವನು ಕೂತಿದ್ದಾನೆ ಅಂದರೆ ಮೂರನೇ ವರ್ಷದವನು ಪ್ರಾಕ್ಟೀಸ್‌ನಲ್ಲಿ ಸುಮ್ನೆ ಕಾಲ ತಳ್ಳೋದಿಲ್ಲ. 2018ರಲ್ಲಿ ನಿಯಮವೂ ಸಡಿಲವಾಯಿತು. ನಾಲ್ಕು ಪಂದ್ಯದವರೆಗೆ ಆಡಿಸಿದರೂ ಹುಡುಗನ ಆ ವರ್ಷ ಅವನು ಕಾಲೇಜಿನಲ್ಲಿ ಆಡಬಹುದಾದ ವರ್ಷಗಳ ಲೆಕ್ಕಕ್ಕೆ ಸೇರದಂತಾಯಿತು. ಹಾಗಾಗಿ ಕೋಚ್‌ಗಳು ಇಳಿಸಿ ನೋಡುತ್ತಾರೆ.

ಇನ್ನು ಹಳದಿ ಬಟ್ಟೆ. ಚೆಂಡು ಬರುವ ಮುಂಚೆಯೇ ರಿಸೀವರ್‌ನನ್ನು ಹಿಡಿದೆಳೆದರೆ ಅದು ಪಾಸ್ ಇಂಟರ್‌ಫಿಯರೆನ್ಸ್. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ತಪ್ಪಾದ ಜಾಗಕ್ಕೇ ಚೆಂಡು ಹೋಗುತ್ತದೆ, 50 ಗಜವಾದರೂ ಸರಿ. ಕಾಲೇಜಿನಲ್ಲಿ ದಂಡ ಸಾಮಾನ್ಯವಾಗಿ 15 ಗಜ ದಾಟುವುದಿಲ್ಲ, ಜೊತೆಗೆ ಎದುರಾಳಿಗೆ ಹೊಸ ಫಸ್ಟ್ ಡೌನ್, ಅಂದರೆ ಮತ್ತೆ ಮೊದಲಿನಿಂದ ನಾಲ್ಕು ಯತ್ನ. ಪೂರ್ತಿ ತಪ್ಪಿಸಿಕೊಂಡವನನ್ನು ಹಿಡಿದೆಳೆದುಬಿಟ್ಟರೆ 15 ಗಜಕ್ಕೆ ಒಂದು ಟಚ್‌ಡೌನ್ ಉಳಿಯಿತಲ್ವಾ? ನಿಮ್ಮ ಮಗನ ಬಚಾವು ಅದೇ. ಆದರೆ ಆ ಫೈನಲ್‌ನ ಗ್ರೇಗೆ ಈ ಉಪಾಯವೂ ಒದಗುತ್ತಿರಲಿಲ್ಲ. ಹಿಡಿದೆಳೆದಿದ್ದರೂ ಓಹಾಯೋಗೆ ಫಸ್ಟ್ ಡೌನ್ ಸಿಗುತ್ತಿತ್ತು, ಗಡಿಯಾರ ಅವರದ್ದೇ ಆಗುತ್ತಿತ್ತು.

– ಸಂ.