ಕೋರ್ಟಿನೊಳಗಿನ ಶರಿಯತ್

‘ಮುಸ್ಲಿಂ ವೈಯಕ್ತಿಕ ಕಾನೂನು 1400 ವರ್ಷಗಳಿಂದ ಒಂದಕ್ಷರವೂ ಬದಲಾಗಿಲ್ಲ ಅಂತಾರೆ. ನಿಜವೇ?’
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಕುರಾನ್ ಅಷ್ಟು ಹಳೆಯದು, ಸರಿ. ನಮ್ಮ ಕೋರ್ಟುಗಳು ನಡೆಸುವ ಮುಸ್ಲಿಂ ಕಾನೂನು ಮಾತ್ರ ಅಷ್ಟು ಹಳೆಯದಲ್ಲ.

ಮದುವೆ, ವಾರಸುದಾರಿಕೆಯ ವ್ಯಾಜ್ಯಗಳಲ್ಲಿ ಮುಸ್ಲಿಮರಿಗೆ ಕುರಾನ್, ಹಿಂದೂಗಳಿಗೆ ಶಾಸ್ತ್ರ ಎಂದು 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಗೊತ್ತುಮಾಡಿದ. ಈಸ್ಟ್ ಇಂಡಿಯಾ ಕಂಪನಿಯ ಜಡ್ಜ್‌ಗಳಿಗೆ ಅರಬ್ಬಿ ಬರಬೇಕಲ್ಲ! ಮುಸ್ಲಿಂ ಕಾನೂನಿನಲ್ಲಿ ಹಲವು ಪಂಥಗಳಿವೆ; ಅವುಗಳಲ್ಲೊಂದಾದ ಹನಫಿ ಪಂಥದ ‘ಹಿದಾಯಾ’ ಎಂಬ ಕಾನೂನು ಗ್ರಂಥವನ್ನು ಮೊದಲು ಪರ್ಷಿಯನ್ನಿಗೆ, ಅಲ್ಲಿಂದ ಇಂಗ್ಲಿಷಿಗೆ ತಂದು 1791ರಲ್ಲಿ ಅಚ್ಚುಹಾಕಿದರು. ಮುಂದೆ ಜಡ್ಜ್‌ಗಳ ತೀರ್ಪುಗಳೇ ಕಾನೂನಾಗುತ್ತಾ ಹೋದವು.

ಇದರ ಜೊತೆಗೆ ಸ್ಥಳೀಯ ರೂಢಿಯೂ ಇತ್ತು. 1847ರಲ್ಲಿ ಮುಂಬೈಯ ಖೋಜಾ ಎಂಬ ಮುಸ್ಲಿಂ ಸಮುದಾಯದ ಹೆಣ್ಣುಮಕ್ಕಳು ಕುರಾನ್ ಪ್ರಕಾರ ಅಪ್ಪನ ಆಸ್ತಿಯಲ್ಲಿ ಪಾಲು ಕೊಡಿ ಎಂದು ಕೋರ್ಟಿಗೆ ಹೋದರು. ಜಡ್ಜ್ ಅರ್ಸ್ಕಿನ್ ಪೆರಿ ರೂಢಿಯನ್ನೇ ಎತ್ತಿಹಿಡಿದ. ಅವರಿಗೆ ಪಾಲು ಸಿಗಲಿಲ್ಲ. 1937ರ ಶರಿಯತ್ ಕಾಯ್ದೆ ಬಂದದ್ದು ಮುಖ್ಯವಾಗಿ ಇಂಥ ರೂಢಿಗಳನ್ನು ಬದಿಗೆ ಸರಿಸಲು. ಮುಸ್ಲಿಂ ಮಹಿಳಾ ಸಂಘಟನೆಗಳೂ ಅದನ್ನು ಬೆಂಬಲಿಸಿದ್ದವು. ಆದರೆ ವ್ಯವಸಾಯದ ಜಮೀನನ್ನು ಕಾಯ್ದೆಯಿಂದ ಹೊರಗಿಟ್ಟರು. ಹಳ್ಳಿಯಲ್ಲಿ ಆಸ್ತಿ ಅಂದ್ರೆ ಹೊಲ ತಾನೇ? ಮದ್ರಾಸ್ ಪ್ರಾಂತ 1949ರಲ್ಲಿ ಆ ವಿನಾಯಿತಿಯನ್ನು ತೆಗೆದುಹಾಕಿತು. ನಮ್ಮ ದಕ್ಷಿಣ ಕನ್ನಡ ಆಗ ಅದರಲ್ಲೇ ಇತ್ತು.

ನನಗೆ ಇದಕ್ಕಿಂತ ಜಾಸ್ತಿ ಕುತೂಹಲ 1939ರ ವಿವಾಹ ವಿಸರ್ಜನೆ ಕಾಯ್ದೆಯ ಬಗ್ಗೆ. ಹನಫಿ ನಿಯಮದಲ್ಲಿ ಹೆಂಡತಿಗೆ ಬಿಡುಗಡೆ ಸಿಗುವುದು ತುಂಬಾ ಕಷ್ಟವಿತ್ತು. ಧರ್ಮ ಬಿಟ್ಟರೆ ಮದುವೆ ತಾನಾಗಿ ಮುರಿಯುತ್ತಿತ್ತು. ಹಾಗಾಗಿ ಕೆಲವರು ಸುಮ್ನೆ ಅದಕ್ಕಾಗಿಯೇ ಮತಾಂತರವಾದರು. ಉಲೇಮಾಗಳು, ಅಂದರೆ ಧರ್ಮಪಂಡಿತರು, ಗಾಬರಿಯಾದರು. ಮಾಲಿಕಿ ಪಂಥದಲ್ಲಿ ನಿಯಮ ಸಡಿಲ. ಅದನ್ನೇ ಎರವಲು ತಂದರು. ಗಂಡ ನಾಲ್ಕು ವರ್ಷ ನಾಪತ್ತೆಯಾದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ ಹೆಂಡತಿ ಕೋರ್ಟಿನಲ್ಲಿ ವಿಚ್ಛೇದನ ಕೇಳಬಹುದು ಎಂದಾಯಿತು. ಬರೀ ಧರ್ಮ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯದು ಎಂದೂ ಸೇರಿಸಿದರು. ಜಾಣತನ ಅಲ್ವಾ!

ಪಂಥದ ವ್ಯತ್ಯಾಸ ನೋಡಲು ದೂರ ಹೋಗಬೇಕಿಲ್ಲ. ಭಟ್ಕಳದ ನವಾಯತರು ಶಾಫಿ, ಬಯಲುಸೀಮೆಯವರು ಹೆಚ್ಚಾಗಿ ಹನಫಿ. ವಯಸ್ಸಿಗೆ ಬಂದ ಹುಡುಗಿ ತಾನೇ ನಿಕಾಹ್ ಮಾಡಿಕೊಳ್ಳಬಹುದು ಎನ್ನುತ್ತದೆ ಹನಫಿ. ಶಾಫಿಯಲ್ಲಿ ವಲಿ, ಅಂದರೆ ತಂದೆಯಂಥ ಹಿರಿಯ, ಬೇಕೇ ಬೇಕು.

ಇನ್ನು ಸುಪ್ರೀಂ ಕೋರ್ಟಿನ 2017ರ ತ್ರಿವಳಿ ತಲಾಖ್ ತೀರ್ಪು. ಆ ತಲಾಖನ್ನು ರದ್ದು ಮಾಡಿದ ಮೂವರು ನ್ಯಾಯಮೂರ್ತಿಗಳು ಒಂದೇ ಕಾರಣ ಕೊಡಲಿಲ್ಲ. ನಾರಿಮನ್, ಲಲಿತ್ ಸಮಾನತೆ ಹೇಳುವ ಸಂವಿಧಾನದ 14ನೇ ವಿಧಿ ಹಿಡಿದರು. ಕುರಿಯನ್ ಜೋಸೆಫ್ ಕುರಾನ್ ಹಿಡಿದರು: ಇದಕ್ಕೆ ಅಲ್ಲೇ ಒಪ್ಪಿಗೆ ಇಲ್ಲ ಎಂದರು.