ಹಳೆ ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಕಾಯಿನ್ ಇದೆ, ಅಪ್‌ಡೇಟ್ ಮಾಡಲೇ?

ಪ್ರಶ್ನೆ: 2017ರಲ್ಲಿ ಸ್ವಲ್ಪ ಬಿಟ್‌ಕಾಯಿನ್ ಕೊಂಡು, ಹಳೆ ಲ್ಯಾಪ್‌ಟಾಪ್‌ನಲ್ಲಿ ಎಲೆಕ್ಟ್ರಮ್ 2.8 ಅನ್ನೋ ವಾಲೆಟ್ ತಂತ್ರಾಂಶ ಹಾಕಿ ಇಟ್ಟೆ. ಆಮೇಲೆ ಆ ಲ್ಯಾಪ್‌ಟಾಪನ್ನು ನೆಟ್‌ಗೆ ಸೇರಿಸಿಲ್ಲ. ವಾಲೆಟ್ ಮತ್ತೆ ಪಡೆಯಲು ಬೇಕಾದ 12 ಪದಗಳ ಸೀಡ್ ಕಾಗದದಲ್ಲಿ ಬರೆದಿದ್ದೇನೆ. ಮಗಳ ಓದಿಗೆ ಈಗ ಸ್ವಲ್ಪ ಮಾರಬೇಕು. ನೆಟ್ ಹಾಕಿ ಅಪ್‌ಡೇಟ್ ಮಾಡಿದರೆ ಸಾಕಾ?
– ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಆ ಲ್ಯಾಪ್‌ಟಾಪ್‌ಗೆ ನೆಟ್ ಕೊಡಬೇಡಿ. ಅದರಲ್ಲಿರೋದು ಬಿಟ್‌ಕಾಯಿನ್ ಅಲ್ಲ, ಅದನ್ನು ಕಳಿಸಲು ಬೇಕಾದ ಗುಟ್ಟಿನ ಸಂಖ್ಯೆ, ಅಂದರೆ ಕೀ ಮಾತ್ರ. ನೆಟ್ ಇಲ್ಲದೆ ಇಷ್ಟು ವರ್ಷ ಬಿದ್ದಿದ್ದರಿಂದ ಆ ಕೀಗೆ ಏನೂ ಆಗಿಲ್ಲ, 1ರಿಂದ ಶುರುವಾಗುವ ನಿಮ್ಮ ಹಳೆ ವಿಳಾಸ ಇವತ್ತಿಗೂ ನಡೆಯುತ್ತದೆ.

ಭಯ ಇರೋದು ಹಳೆ ಆವೃತ್ತಿ ನೆಟ್‌ಗೆ ಬಂದಾಗ. ಎಲೆಕ್ಟ್ರಮ್‌ಗೆ ಯಾರು ಬೇಕಾದರೂ ಸರ್ವರ್ ನಡೆಸಬಹುದು. 2018ರ ಡಿಸೆಂಬರ್‌ನಲ್ಲಿ ಕಳ್ಳರು ತಮ್ಮದೇ ಸರ್ವರ್‌ಗಳನ್ನು ಇಟ್ಟು, ಹಣ ಕಳಿಸಲು ಹೋದವರಿಗೆ ವಾಲೆಟ್ ಒಳಗೇ ‘ಅಪ್‌ಡೇಟ್ ಮಾಡಿ’ ಅನ್ನೋ ಸಂದೇಶ ಮತ್ತು ಒಂದು ಲಿಂಕ್ ತೋರಿಸಿದರು. ಅಲ್ಲಿ ಇದ್ದದ್ದು ನಕಲಿ ವಾಲೆಟ್. ನಂಬಿ ಹಾಕಿಕೊಂಡವರು ಹಣ ಕಳೆದುಕೊಂಡರು. 3.3.4ಕ್ಕಿಂತ ಹಳೆಯ ಎಲ್ಲ ಆವೃತ್ತಿಗಳೂ ಈ ಬಲೆಗೆ ಬೀಳುತ್ತವೆ, ನಿಮ್ಮದೂ ಸೇರಿ.

ಹಾಗಂತ ನೆಟ್ ಕೊಡದೆ ಹಳೆಯದರಲ್ಲೇ ಸಹಿ ಹಾಕಿ (ಅಂದರೆ ಕೀ ಬಳಸಿ ಹಣ ಕಳಿಸಲು ಒಪ್ಪಿಗೆ ಕೊಟ್ಟು), ಆ ಫೈಲನ್ನು ನೆಟ್ ಇರುವ ಕಂಪ್ಯೂಟರ್‌ನಿಂದ ಕಳಿಸೋಣ ಅಂದರೆ ಅದೂ ಸುಲಭ ಅಲ್ಲ. ನೀವು ಮಾರುವ ಎಕ್ಸ್‌ಚೇಂಜ್ ‘bc1’ ಅಂತ ಶುರುವಾಗುವ ಹೊಸ ಬಗೆಯ ವಿಳಾಸ ಮಾತ್ರ ಕೊಟ್ಟರೆ ಕೆಲಸ ಅಲ್ಲೇ ನಿಲ್ಲುತ್ತದೆ, ಯಾಕಂದರೆ ಅಂಥ ವಿಳಾಸ 2.8ಕ್ಕೆ ಅರ್ಥವೇ ಆಗಲ್ಲ. 2020ರಲ್ಲಿ ಬಂದ 4.0ರಿಂದ ಸಹಿಗೆ ಕಳಿಸುವ ಫೈಲಿನ ರೂಪವೂ ಬದಲಾಗಿದೆ. ನೆಟ್ ಇರುವ ಕಂಪ್ಯೂಟರ್‌ನಲ್ಲಿ ಹೊಸ ಎಲೆಕ್ಟ್ರಮ್, ನೆಟ್ ಇಲ್ಲದ್ದರಲ್ಲಿ ಹಳೆಯದು ಇಟ್ಟರೆ ಒಂದರ ಫೈಲು ಇನ್ನೊಂದು ಓದಲ್ಲ.

ಹೀಗೆ ಮಾಡಿ. ಬೇರೆ ಕಂಪ್ಯೂಟರ್‌ನಲ್ಲಿ ಎಲೆಕ್ಟ್ರಮ್‌ನ ಅಧಿಕೃತ ತಾಣದಿಂದಲೇ ಹೊಸ ಆವೃತ್ತಿ ಇಳಿಸಿ, ಅದು ನಕಲಿ ಅಲ್ಲ ಅಂತ ತೋರಿಸುವ ಡಿಜಿಟಲ್ ಸಹಿ ಪರೀಕ್ಷಿಸಿ. ಇದನ್ನು ಮಾತ್ರ ಬಿಡಬೇಡಿ, ಗೊತ್ತಿಲ್ಲದಿದ್ದರೆ ಕಲಿತು ಮಾಡಿ. ಪೂರ್ತಿ ಅಳಿಸಿ ಹೊಸದಾಗಿ ಸಿದ್ಧ ಮಾಡಿದ, ನೆಟ್ ಇಲ್ಲದ ಇನ್ನೊಂದು ಯಂತ್ರಕ್ಕೆ ಪೆನ್‌ಡ್ರೈವ್‌ನಲ್ಲಿ ಒಯ್ದು, ಅಲ್ಲಿ ಸೀಡ್ ಹಾಕಿ. ಬರುವ ಮೊದಲ ವಿಳಾಸ ಹಳೆ ಲ್ಯಾಪ್‌ಟಾಪ್‌ನದ್ದೇ ಆಗಿರಬೇಕು. ಆಗಿದ್ದರೆ ಕಾಗದ ಸರಿ ಇದೆ ಅಂತ ಅರ್ಥ. ಆಮೇಲೆ ಈ ಯಂತ್ರದಲ್ಲಿ ಸಹಿ ಹಾಕಿ, ಹೊಸ ಎಲೆಕ್ಟ್ರಮ್ ಇರುವ ನೆಟ್ ಕಂಪ್ಯೂಟರ್‌ನಿಂದ ಮೊದಲು ಚಿಕ್ಕ ಮೊತ್ತ ಕಳಿಸಿ ನೋಡಿ. ಎಲೆಕ್ಟ್ರಮ್ ಸೀಡ್ ಅದರದ್ದೇ ಬಗೆಯದು, ಬೇರೆ ಎಷ್ಟೋ ವಾಲೆಟ್‌ಗಳು ‘ತಪ್ಪು ಪದಗಳು’ ಅನ್ನುತ್ತವೆ. ಆಗ ಗಾಬರಿಯಾಗಿ ಯಾವುದೋ ‘ರಿಕವರಿ’ ತಾಣದಲ್ಲಿ ಆ ಪದಗಳನ್ನು ಟೈಪ್ ಮಾಡಬೇಡಿ.

ಪ್ರಶ್ನೆ: 2014ರಲ್ಲಿ ಬಳಸಿದ ಬಿಟ್‌ಕಾಯಿನ್ ಕೋರ್ ಅನ್ನೋ ತಂತ್ರಾಂಶದ ವಾಲೆಟ್ ಫೈಲಿನ ಪ್ರತಿ ಪೆನ್‌ಡ್ರೈವ್‌ನಲ್ಲಿದೆ. ಹೊಸ ಆವೃತ್ತಿಯಲ್ಲಿ ತೆರೆಯುತ್ತಿಲ್ಲ. ಹಾಳಾಗಿದೆಯಾ?
– ಓದುಗರು, ಮೈಸೂರು

ಉತ್ತರ: ಹಾಳಾಗಿರಲೇಬೇಕು ಅಂತೇನಿಲ್ಲ. 2025ರಲ್ಲಿ ಬಂದ 30ನೇ ಆವೃತ್ತಿ ಹಳೆ ಬಗೆಯ ವಾಲೆಟ್‌ಗಳನ್ನು ನೇರವಾಗಿ ತೆರೆಯಲ್ಲ, ಹೊಸ ರೂಪಕ್ಕೆ ಬದಲಿಸಿಕೊಡುತ್ತದೆ ಅಷ್ಟೇ. ಮೊದಲು ಫೈಲಿನ ಎರಡು ಮೂರು ಪ್ರತಿ ಬೇರೆ ಬೇರೆ ಕಡೆ ಇಡಿ, ಬದಲಿಸುವ ಕೆಲಸ ಪ್ರತಿಯ ಮೇಲೆ ಮಾತ್ರ ಮಾಡಿ. ಇನ್ನೊಂದು ವಿಷಯ. 2016ಕ್ಕಿಂತ ಹಿಂದೆ ಕೋರ್‌ನಲ್ಲಿ ಎಲ್ಲ ಕೀಗಳೂ ಒಂದೇ ಮೂಲದಿಂದ ಹುಟ್ಟುತ್ತಿರಲಿಲ್ಲ. ಮುಂದಿನ ಬಳಕೆಗೆ ಅಂತ ಸಾಮಾನ್ಯವಾಗಿ 100 ಕೀ ಮಾತ್ರ ಮೊದಲೇ ಮಾಡಿಡುತ್ತಿತ್ತು. ಪ್ರತಿ ತೆಗೆದ ಮೇಲೆ ನೀವು ಜಾಸ್ತಿ ವ್ಯವಹಾರ ಮಾಡಿದ್ದರೆ, ಕಳಿಸಿ ಉಳಿದ ಚಿಲ್ಲರೆ ನಿಮಗೇ ವಾಪಸ್ ಬಂದು ಸೇರಿದ ಹೊಸ ವಿಳಾಸಗಳ ಕೀ ಪೆನ್‌ಡ್ರೈವ್‌ನಲ್ಲಿ ಇಲ್ಲದಿರಬಹುದು. ಆಗಿನ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಮನೆಯಲ್ಲಿ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ.